ಬೋರ್ಡಿನ ಮನೆ, ಅಮ್ಮನ ಹೆಸರು

"ನಿನ್ನ ಅಮ್ಮನಿಗೆ ಸ್ವಂತ ಮನೆ ಎಂತಕ್ಕೆ ಮಾರಾಯ್ತಿ?"

ಕೇಳಿದವರು ಚಿಕ್ಕಪ್ಪ. ಒಂದು ಕೈಯಲ್ಲಿ ಪಾಯಸದ ಲೋಟ, ಇನ್ನೊಂದು ಕೈ ಸೋಫಾದ ಬೆನ್ನಿನ ಮೇಲೆ. ಮಸ್ಕತ್‌ನ ರೂವಿಯ ಅವರ ಫ್ಲ್ಯಾಟಿನಲ್ಲಿ ಶುಕ್ರವಾರದ ಊಟ ಆಗಷ್ಟೇ ಮುಗಿದಿತ್ತು. ಊಟಕ್ಕೆ ಬಂದಿದ್ದ ಊರಿನವರೆಲ್ಲ ನಕ್ಕರು. ತಮಾಷೆಯ ಪ್ರಶ್ನೆ ಎಂದುಕೊಂಡಿರಬೇಕು.

ತಮಾಷೆಯಲ್ಲ. ಅದು ತೀರ್ಪು.

ಕಳೆದ ವಾರ ಈ ಅಂಕಣ ಇರಲಿಲ್ಲ. ಕಾರಣ ಈ ಪ್ರಶ್ನೆ. ಇದಕ್ಕೆ ಉತ್ತರ ಕೊಡಲು ನಾನು ಒಮಾನಿನ ಗಡಿಯ ಬುರೈಮಿಯವರೆಗೆ ಹೋಗಿ ಬರಬೇಕಾಯಿತು. ಮನೆಯ ವಿಷಯ ಬರೆಯುವ ಅಭ್ಯಾಸ ನನಗಿಲ್ಲ, ನಿಮಗೆ ಗೊತ್ತಿದೆ. ಈ ಸಲ ಬರೆಯುತ್ತಿದ್ದೇನೆ. ಏಕೆಂದರೆ ಇದು ನನ್ನೊಬ್ಬಳ ಮನೆಯ ಕತೆಯಲ್ಲ ಎಂದು ಅನುಮಾನ.

ಮೊದಲು ಮನೆಯ ಪರಿಚಯ.

ಮಂಗಳೂರಿನ ಹೊರವಲಯದಲ್ಲಿ ಹೌಸಿಂಗ್ ಬೋರ್ಡಿನ ಒಂದು ಕಾಲೊನಿ. ಕಡಿಮೆ ಆದಾಯದವರಿಗೆಂದು ಸಾಲಾಗಿ ಕಟ್ಟಿದ ಮನೆಗಳು. ಎಲ್ಲದಕ್ಕೂ ಒಂದೇ ಹಳದಿ ಬಣ್ಣ, ಒಂದೇ ಸಿಮೆಂಟಿನ ಜಾಲಿ ಕಿಟಕಿ. ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಅಪ್ಪನಿಗೆ ಅದರಲ್ಲೊಂದು ಬಾಡಿಗೆಗೆ ಸಿಕ್ಕಿತು. ಮೂಲೆಯ ಮನೆ. ನಾನು ಅಂಬೆಗಾಲಿಟ್ಟದ್ದು ಅಲ್ಲಿ, ಎಂ.ಕಾಂ.ಗೆ ಓದಿದ್ದೂ ಅಲ್ಲಿ. ಅಪ್ಪ ತೀರಿಕೊಂಡ ಮೇಲೂ ಬಾಡಿಗೆ ಅಪ್ಪನ ಹೆಸರಿನಲ್ಲೇ ಕಟ್ಟುತ್ತಾ ಬಂದೆವು. ಕಟ್ಟುತ್ತಾ ಬಂದೆವು ಅಂದೆನಲ್ಲ, ತಪ್ಪು. ಕಟ್ಟುತ್ತಾ ಬಂದವಳು ಅಮ್ಮ. ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್‌ಗಳನ್ನಿಟ್ಟು ಟೈಲರಿಂಗ್ ಕ್ಲಾಸ್ ನಡೆಸುತ್ತಾಳೆ. ಕಾಲೊನಿಯ ಅರ್ಧದಷ್ಟು ಹೆಣ್ಣುಮಕ್ಕಳು ರವಿಕೆ ಕತ್ತರಿಸುವುದನ್ನು ಕಲಿತದ್ದು ಆ ಕೋಣೆಯಲ್ಲಿ.

ಈಗ ಬೋರ್ಡು ಒಂದು ನೋಟಿಸ್ ಕಳಿಸಿದೆ. ಬಾಡಿಗೆಗೆ ಇರುವವರು ತಾವಿರುವ ಮನೆಯನ್ನು ಕೊಂಡುಕೊಳ್ಳಬಹುದು. ಮೂಲ ಬಾಡಿಗೆದಾರ ಬದುಕಿಲ್ಲದಿದ್ದರೆ, ಮನೆಯಲ್ಲಿ ವಾಸವಾಗಿರುವ ವಾರಸುದಾರರೊಬ್ಬರ ಹೆಸರಿಗೆ ಕೊಡುತ್ತಾರೆ. ಉಳಿದ ವಾರಸುದಾರರು ಒಪ್ಪಿಗೆಗೆ ಸಹಿ ಹಾಕಬೇಕು. ವಿದೇಶದಲ್ಲಿದ್ದರೆ ನಮ್ಮ ರಾಯಭಾರ ಕಚೇರಿಯ ಅಧಿಕಾರಿಯ ಎದುರು, ಪಾಸ್‌ಪೋರ್ಟ್ ತೋರಿಸಿ ಸಹಿ ಹಾಕಬೇಕು. ಈ ತಿಂಗಳು ಮುಗಿಯುವುದರೊಳಗೆ ಕಾಗದ ಬೋರ್ಡಿನ ಕಚೇರಿ ಸೇರಬೇಕು. ಸೇರದಿದ್ದರೆ ಬಾಡಿಗೆ ಮುಂದುವರಿಯುತ್ತದೆ, ಕೊಳ್ಳುವ ಅವಕಾಶ ಹೋಗುತ್ತದೆ.

ವಾರಸುದಾರರು ಮೂವರು. ಅಮ್ಮ ಮಂಗಳೂರಿನಲ್ಲಿ, ಅದೇ ಮನೆಯಲ್ಲಿ. ನಾನು ಮಸ್ಕತ್‌ನಲ್ಲಿ, ರೂವಿಯ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ; ವಾಸ ಈ ಚಿಕ್ಕಪ್ಪ ಚಿಕ್ಕಮ್ಮನ ಜೊತೆ. ಅಣ್ಣ ಬುರೈಮಿಯಲ್ಲಿ, ಬಟ್ಟೆ ಅಂಗಡಿಯೊಂದರ ಮ್ಯಾನೇಜರ್.

(ಹಣದ ಲೆಕ್ಕ ಇಲ್ಲಿ ಬೇಡ. ಅದು ತಲೆನೋವಾಗಿರಲಿಲ್ಲ. ತಲೆನೋವು ಹೆಸರಿನದ್ದು.)

ಯಾರ ಹೆಸರಿಗೆ ಎನ್ನುವುದು ಪ್ರಶ್ನೆಯೇ ಅಲ್ಲ ಎಂದುಕೊಂಡಿದ್ದೆ. ವಾಸವಾಗಿರುವವಳು ಅಮ್ಮ. ಆದ್ದರಿಂದ ಅಮ್ಮನ ಹೆಸರಿಗೆ. ಎರಡು ವಾಕ್ಯದ ವಿಷಯ. ಆ ಶುಕ್ರವಾರ ಚಿಕ್ಕಪ್ಪನಿಗೆ ಇಷ್ಟನ್ನೇ ಹೇಳಿದೆ. ಅದಕ್ಕೆ ಬಂದ ಉತ್ತರ ನೀವು ಮೇಲೆ ಓದಿದ ಪ್ರಶ್ನೆ.

"ಗಂಡು ಮಗ ಇರುವಾಗ ಹೆಂಗಸಿನ ಹೆಸರಿಗೆ ಯಾರಾದ್ರೂ ಮಾಡ್ತಾರಾ?" ಎಂದರು ಚಿಕ್ಕಪ್ಪ. "ಅವನ ಹೆಸರಿಗೆ ಮಾಡುದು. ಗಲ್ಫ್‌ನಲ್ಲಿ ಇರುವವನ ಹೆಸರು ಅಂದ್ರೆ ಒಂದು ತೂಕ ಉಂಟು."

"ಮನೆಯಲ್ಲಿ ವಾಸವಾಗಿರುವವರಿಗೆ ಮಾತ್ರ ಕೊಡುದಂತೆ ಚಿಕ್ಕಪ್ಪ. ಅಣ್ಣ ಇರುವುದು ಬುರೈಮಿಯಲ್ಲಿ."

"ಅಯ್ಯೋ, ಅಲ್ಲೇ ಇದ್ದಾನೆ ಅಂತ ಬರ್ದು ಕೊಟ್ರೆ ಆಯ್ತಪ್ಪ. ರೇಷನ್ ಕಾರ್ಡಿನಲ್ಲಿ ಅವನ ಹೆಸರು ಉಂಟಲ್ಲ? ಎಲ್ಲರೂ ಹಾಗೇ ಮಾಡುದು."

ಉಂಟು. ಅಣ್ಣನ ಹೆಸರಿದೆ. ನನ್ನ ಹೆಸರೂ ಇದೆ. ಆ ಕೋಣೆಯಲ್ಲಿ ಪಾಯಸ ಕುಡಿಯುತ್ತಿದ್ದ ಪ್ರತಿಯೊಬ್ಬರ ಹೆಸರೂ ಊರಿನ ಯಾವುದಾದರೊಂದು ಕಾರ್ಡಿನಲ್ಲಿ ಇದೆ, ಅವರ ಪಾಲಿನ ಸಕ್ಕರೆ ತಪ್ಪದೆ ಬರುತ್ತಿದೆ. ನಮ್ಮ ಜಿಲ್ಲೆಯ ರೇಷನ್ ಕಾರ್ಡುಗಳನ್ನು ನಂಬುವುದಾದರೆ ಒಮಾನಿನಲ್ಲಿ ನಾವು ಯಾರೂ ಇಲ್ಲ.

ಗಲ್ಫ್‌ನವರ ವಿಚಿತ್ರ ಇದು. ಇಲ್ಲಿ ಎಷ್ಟು ವರ್ಷ ದುಡಿದರೂ ನಾವು ಬಾಡಿಗೆದಾರರು. ಒಂದು ಗೇಣು ನೆಲ ನಮ್ಮದಾಗುವುದಿಲ್ಲ. ಆ ಹಸಿವನ್ನೆಲ್ಲ ಊರಿನ ಕಡೆ ತಿರುಗಿಸುತ್ತೇವೆ. ಸೈಟು ನಮ್ಮ ಹೆಸರಿಗೆ. ಗ್ಯಾಸ್ ಕನೆಕ್ಷನ್ ನಮ್ಮ ಹೆಸರಿಗೆ. ಅಮ್ಮ ಪಾಸ್ ಬುಕ್ ತೆರೆದರೆ ಅದಕ್ಕೂ ನಮ್ಮದೊಂದು ಹೆಸರು ಜಂಟಿ. ಇಲ್ಲಿ ಇದ್ದೂ ನಮ್ಮದಲ್ಲ, ಅಲ್ಲಿ ನಮ್ಮದಾಗಿಯೂ ನಾವಿಲ್ಲ. ನಡುವೆ ನಿಜವಾಗಿ ಇರುವವರು ಯಾರು ಎಂದು ಯಾರೂ ಕೇಳುವುದಿಲ್ಲ.

ಸುಳ್ಳು ಬರೆದುಕೊಟ್ಟು ಸಿಕ್ಕಿಬಿದ್ದರೆ ಮನೆ ಯಾರ ಹೆಸರಿಗೂ ಆಗುವುದಿಲ್ಲ. ಇದನ್ನೂ ಹೇಳಿದೆ.

"ನೀನು ಹೆಚ್ಚು ಓದಿದ್ದಿ, ಅದೇ ತೊಂದರೆ," ಎಂದರು ಚಿಕ್ಕಪ್ಪ. ಮತ್ತೆ ಎಲ್ಲರೂ ನಕ್ಕರು.

ಆ ಸಂಜೆ ಅಣ್ಣನಿಗೆ ಫೋನ್ ಮಾಡಿದೆ. ಅವನು ನಗಲಿಲ್ಲ. ಅವನ ಬಳಿ ಆಗಲೇ ಒಂದು ಯೋಜನೆ ಇತ್ತು.

"ಮೂಲೆ ಮನೆ. ಮೇನ್ ರೋಡಿಗೆ ಮುಖ," ಎಂದ. "ಮುಂದಿನ ಕೋಣೆ, ಅಡಿಗೆ ಕೋಣೆ ಎರಡೂ ತೆಗೆದ್ರೆ ಒಳ್ಳೆ ಅಂಗಡಿ ಆಗ್ತದೆ. ಹಿಂದೆ ಗೋಡೌನ್. ನನಗೆ ಇನ್ನು ಎಷ್ಟು ವರ್ಷ ಬೇರೆಯವರ ಅಂಗಡಿಯಲ್ಲಿ ನಿಲ್ಲುದು ಹೇಳು?"

"ಅಮ್ಮ?"

"ಅಮ್ಮ ನಿನ್ನ ಅತ್ತಿಗೆಯ ಅಪ್ಪನ ಮನೆಯಲ್ಲಿ ಇರ್ಲಿ. ಮಾಳಿಗೆ ಖಾಲಿ ಉಂಟು. ಹೇಗೂ ನನ್ನ ಹೆಂಡತಿ ಮಕ್ಕಳೂ ಅಲ್ಲೇ ಇರುದಲ್ಲ."

"ಕ್ಲಾಸ್?"

"ಈ ವಯಸ್ಸಿನಲ್ಲಿ ಅಮ್ಮನಿಗೆ ಕ್ಲಾಸ್ ಎಂತಕ್ಕೆ? ಆರಾಮ ಇರ್ಲಿ."

ಅಮ್ಮನಿಗೆ ಐವತ್ತರ ಆಸುಪಾಸು. ಮೆಟ್ಟು ಮೆಷಿನ್ನಿನ ಮೇಲೆ ಅವಳ ಕಾಲು ನಿಂತದ್ದನ್ನು ನಾನು ನೋಡಿಲ್ಲ.

ಇಷ್ಟರಲ್ಲಿ ವಿಷಯ ನಿಮಗೆ ಸ್ಪಷ್ಟವಾಗಿರಬೇಕು. ಮನೆ ಅಮ್ಮನ ಹೆಸರಿಗಾದರೆ ಅವಳು ಬಾಡಿಗೆದಾರಳಿಂದ ಒಡತಿಯಾಗುತ್ತಾಳೆ. ಅಣ್ಣನ ಹೆಸರಿಗಾದರೆ ಬಾಡಿಗೆದಾರಳಿಂದ ನೆಂಟಳಾಗುತ್ತಾಳೆ. ಸೊಸೆಯ ತವರಿನ ಮಾಳಿಗೆಯಲ್ಲಿ, ಕೆಳಗೆ ಕಾಫಿಗೆ ಕರೆಯುವುದನ್ನು ಕಾಯುತ್ತ ಕೂರುವ ನೆಂಟಳು.

"ನೀನು ಶನಿವಾರ ಬಂದು ಒಪ್ಪಿಗೆಗೆ ಸಹಿ ಹಾಕು," ಎಂದೆ.

"ಹೇಗೆ ಬರುದು? ಪಾಸ್‌ಪೋರ್ಟ್ ಅರ್ಬಾಬ್ ಹತ್ತಿರ ಉಂಟು. ಅವರು ಕೊಡ್ಲಿಕ್ಕಿಲ್ಲ. ಖಲಾಸ್."

ಫೋನ್ ಇಟ್ಟ.

ಅರ್ಬಾಬ್ ಎಂದರೆ ಅವನ ಕಫೀಲ್, ಅಂದರೆ ವೀಸಾ ಕೊಟ್ಟ ಒಮಾನಿ ಯಜಮಾನರು. ಕೆಲಸಕ್ಕೆ ಬಂದ ದಿನ ಪಾಸ್‌ಪೋರ್ಟ್ ಅವರ ಕಪಾಟು ಸೇರುತ್ತದೆ, ರಜೆಗೆ ಹೋಗುವ ದಿನ ಹೊರಗೆ ಬರುತ್ತದೆ. ಇದು ಇಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿರುವುದರಿಂದಲೇ ಇದು ಒಳ್ಳೆಯ ನೆಪ. ಮದುವೆಗೆ ಬರಲಿಲ್ಲವೇಕೆ? ಪಾಸ್‌ಪೋರ್ಟ್ ಕಫೀಲ್ ಹತ್ತಿರ. ತಂಗಿಯ ಬಾಣಂತನಕ್ಕೆ? ಪಾಸ್‌ಪೋರ್ಟ್ ಕಫೀಲ್ ಹತ್ತಿರ. ಕೇಳಿದವರು ಪಾಪ ಎನ್ನುತ್ತಾರೆ. ಕಫೀಲ್‌ನನ್ನು ಹೋಗಿ ಕೇಳಿದಿರಾ ಎಂದು ಯಾರೂ ಕೇಳುವುದಿಲ್ಲ.

ಮರುದಿನ ಅಮ್ಮನಿಗೆ ಫೋನ್ ಮಾಡಿದೆ. ಅಂದರೆ ಪಕ್ಕದ ಮನೆಗೆ. ಅವರು ಹೋಗಿ ಕರೆದು, ಅಮ್ಮ ಓಡಿ ಬಂದು, ಏದುಸಿರು ಬಿಡುವುದು ಮುಗಿಯುವಷ್ಟರಲ್ಲಿ ಅರ್ಧ ಫೋನ್ ಕಾರ್ಡು ಖರ್ಚು. ಉಳಿದರ್ಧದಲ್ಲಿ ಅಣ್ಣನ ಯೋಜನೆ ಹೇಳಿದೆ.

"ನನಗೆ ಬೇಡ ಮಗಾ," ಎಂದಳು. "ಅಣ್ಣನ ಹೆಸರಿಗೇ ಮಾಡಿ. ಅವನಿಗೆ ಬೇಸರ ಆಗುದು ಬೇಡ."

"ನಿನಗೆ ನಿಜವಾಗ್ಲೂ ಬೇಡವಾ?"

"ನನಗೆ ಎಂತಕ್ಕೆ? ನಾನು ಎಷ್ಟು ದಿನ ಇರುದು?"

ಈ ಮಾತನ್ನು ನಮ್ಮ ತಾಯಂದಿರಿಗೆ ಯಾರು ಹೇಳಿಕೊಡುತ್ತಾರೋ! ಫೋನ್ ಇಡುವ ಮೊದಲು ಅಮ್ಮನೇ ಸಣ್ಣ ದನಿಯಲ್ಲಿ ಕೇಳಿದಳು.

"ಅವನು ಅಡಿಗೆ ಕೋಣೆ ಪೂರ್ತಿ ಕೆಡವುದಂತಾ?"

ಅಷ್ಟು ಸಾಕಾಯಿತು. ಬೇಡ ಎಂದವರು ಹೀಗೆ ಕೇಳುವುದಿಲ್ಲ.

ಬುಧವಾರ ಅರ್ಧ ದಿನ ರಜೆ ಹಾಕಿ ರಾಯಭಾರ ಕಚೇರಿಗೆ ಹೋಗಿ ನನ್ನ ಸಹಿ ಮುಗಿಸಿದೆ. ಅದಕ್ಕಾಗಿ ನನ್ನ ಪಾಸ್‌ಪೋರ್ಟನ್ನು ಆಫೀಸಿನಿಂದ ಬಿಡಿಸಿಕೊಂಡಿದ್ದೆ. (ನಮ್ಮ ಕಂಪನಿಯಲ್ಲೂ ಅದು ಕಪಾಟಿನಲ್ಲೇ ಇರುತ್ತದೆ. ಓದಿದವರದ್ದು, ಓದದವರದ್ದು ಎಂಬ ಭೇದವಿಲ್ಲ.) ಶನಿವಾರ ವಾಪಸ್ ಕೊಡುತ್ತೇನೆ ಎಂದು ಹೇಳಿದ್ದೆ. ಗುರುವಾರ ಬೆಳಿಗ್ಗೆ, ಇಲ್ಲಿನ ವಾರದ ರಜೆ ಶುರುವಾದಾಗ, ಅದು ನನ್ನ ಬ್ಯಾಗಿನಲ್ಲಿಯೇ ಇತ್ತು. ಬ್ಯಾಗಿನ ಜೊತೆ ನಾನು ಬುರೈಮಿಯ ಬಸ್ಸಿನಲ್ಲಿದ್ದೆ.

ಚಿಕ್ಕಪ್ಪ ಮಾತು ಬಿಟ್ಟಿದ್ದರು. ಚಿಕ್ಕಮ್ಮ, ಅಂದರೆ ಅಮ್ಮನ ಸ್ವಂತ ತಂಗಿ, ಚಪಾತಿ ಸುತ್ತಿ ಕೊಟ್ಟರು. ಬಾಗಿಲವರೆಗೆ ಬಂದು, ಒಳಗೆ ಕೇಳದಷ್ಟು ಮೆಲ್ಲಗೆ ಹೇಳಿದರು: "ಸಹಿ ಹಾಕಿಸದೆ ಬರ್ಬೇಡ."

ಬುರೈಮಿ ಮುಟ್ಟಿದಾಗ ಮಧ್ಯಾಹ್ನ. ಬಸ್ ಸ್ಟ್ಯಾಂಡಿನಲ್ಲಿ ಅಣ್ಣ ನಿಂತಿದ್ದ. ನಾನು ಬರುವುದನ್ನು ಚಿಕ್ಕಮ್ಮ ಫೋನಿನಲ್ಲಿ ಹೇಳಿದ್ದರಂತೆ.

"ಒಬ್ಬಳೇ ಬಂದದ್ದಾ? ಹುಚ್ಚು ಉಂಟಾ ನಿನಗೆ?"

"ಊಟ ಆಯ್ತಾ?" ಎಂದೆ.

"ಮಾತು ತಪ್ಪಿಸ್ಬೇಡ."

"ನಾನು ನಿನ್ನ ಅರ್ಬಾಬ್ ಹತ್ತಿರ ಮಾತಾಡ್ತೇನೆ."

ಅವನು ನನ್ನನ್ನು ನೋಡಿದ ರೀತಿ ಇನ್ನೂ ನೆನಪಿದೆ. ಅಂಗಡಿಗೆ ಬಂದ ಗಿರಾಕಿ ನೇರ ಗಲ್ಲಾಪೆಟ್ಟಿಗೆಗೇ ಕೈ ಹಾಕಿದರೆ ಹಾಗೆ ನೋಡಬಹುದು.

ಆದರೂ ಸಂಜೆ ಕರೆದುಕೊಂಡು ಹೋದ. ಅವರು ಕೊಡುವುದಿಲ್ಲ ಎಂಬ ಧೈರ್ಯ ಅವನಿಗಿತ್ತು.

ಕಫೀಲ್ ಹಿರಿಯರು. ಬೆಳ್ಳಗಿನ ಗಡ್ಡ, ಇಸ್ತ್ರಿ ಮಾಡಿದ ದಿಶ್ದಾಶ ನಿಲುವಂಗಿ. ಅತಿಥಿಗಳ ಕೋಣೆಯಲ್ಲಿ ಖರ್ಜೂರ ಇಟ್ಟು ಪುಟ್ಟ ಬಟ್ಟಲಿನಲ್ಲಿ ಕಾಫಿ ಹಾಕಿಸಿದರು. ನಮ್ಮವರ ಜೊತೆ ವ್ಯಾಪಾರ ಮಾಡಿ ಕಲಿತ ಹಿಂದಿ, ನಡುನಡುವೆ ಅರಬ್ಬಿ. ಹಿಂದಿ ನನಗೂ ಬರುತ್ತದೆ. ಅಣ್ಣ ಅರ್ಧ ಬಾಯಲ್ಲಿ ವಿಷಯ ಹೇಳಿದ: ಮಸ್ಕತ್‌ಗೆ ಹೋಗಬೇಕಂತೆ, ಸಹಿ ಹಾಕಬೇಕಂತೆ, ಪಾಸ್‌ಪೋರ್ಟ್ ಬೇಕಂತೆ. ಎಲ್ಲದಕ್ಕೂ ಒಂದು 'ಅಂತೆ' ಸೇರಿಸಿ, ಬೇರೆ ಯಾರದೋ ಸುದ್ದಿ ಹೇಳುವ ಹಾಗೆ.

ಕಫೀಲ್ ಅಡ್ಡಡ್ಡ ತಲೆಯಾಡಿಸಿದರು. ಹಿಂದೆ ಒಬ್ಬ ಹೀಗೇ ತಾಯಿಗೆ ಹುಷಾರಿಲ್ಲ ಎಂದು ಪಾಸ್‌ಪೋರ್ಟ್ ಇಸಿದುಕೊಂಡು ಹೋದ. ಗಡಿ ಇಲ್ಲೇ, ರಸ್ತೆ ದಾಟಿದರೆ ಎಮಿರೇಟ್ಸ್‌ನ ಅಲ್ ಐನ್. ಆಮೇಲೆ ಅವನ ನೆರಳೂ ಕಾಣಲಿಲ್ಲ. ಅಂದಿನಿಂದ ತಮ್ಮದೊಂದು ನಿಯಮ: ಪಾಸ್‌ಪೋರ್ಟ್ ಬೇಕಾದರೆ ಇನ್ನೊಬ್ಬರ ಪಾಸ್‌ಪೋರ್ಟ್ ತಂದು ಜಾಮೀನು ಇಡಬೇಕು. ಇವನು ವಾಪಸ್ ಬಂದ ಮೇಲೆ ಅದು ವಾಪಸ್.

ಈ ಪದ್ಧತಿ ಅವರೊಬ್ಬರದ್ದೇ ಅಲ್ಲ. ಇಲ್ಲಿ ಅನೇಕ ಕಡೆ ಹೀಗೆ ನಡೆಯುತ್ತದೆ. ಮನುಷ್ಯನಿಗೆ ಮನುಷ್ಯ ಜಾಮೀನು ನಿಲ್ಲುವುದು ನಮ್ಮ ಊರಿನ ಕ್ರಮ; ಇಲ್ಲಿ ಪುಸ್ತಕಕ್ಕೆ ಪುಸ್ತಕ.

ಅಣ್ಣನ ಮುಖ ಸಡಿಲವಾಯಿತು. ನನ್ನ ಕಡೆ ತಿರುಗಿದ. "ಕೇಳಿದಿಯಲ್ಲ? ಈಗ ಯಾರು ಇಡ್ತಾರೆ? ಅಂಗಡಿಯವರದ್ದೆಲ್ಲ ಇವರ ಕಪಾಟಿನಲ್ಲೇ ಉಂಟು. ನಾನೆಂತ ಮಾಡ್ಲಿ?"

ನಾನು ಬ್ಯಾಗ್ ತೆರೆದು ನನ್ನ ಪಾಸ್‌ಪೋರ್ಟ್ ತೆಗೆದು ಖರ್ಜೂರದ ತಟ್ಟೆಯ ಪಕ್ಕದಲ್ಲಿಟ್ಟೆ.

ಮೊದಲೇ ಯೋಚಿಸಿದ್ದಲ್ಲ. ಯೋಚಿಸಿದ್ದರೆ ಇಡುತ್ತಿರಲಿಲ್ಲವೇನೋ. ಅದು ನನ್ನ ಕಂಪನಿಗೆ ಶನಿವಾರ ತಲುಪಬೇಕಾದದ್ದು. ಕಾನೂನಿನ ಪ್ರಕಾರ ಯಾರಲ್ಲಿಯೂ ಒತ್ತೆ ಇಡಬಾರದ್ದು. ಒಬ್ಬಂಟಿ ಹೆಂಗಸು ಈ ದೇಶದಲ್ಲಿ ಕೈಬಿಡಬಾರದ ವಸ್ತು ಒಂದಿದ್ದರೆ ಅದು.

"ಏ, ತೆಗಿ ಅದನ್ನು!" ಅಣ್ಣ ತುಳುವಿನಲ್ಲಿ ಗದರಿದ. (ನಾವು ಮನೆಯಲ್ಲಿ ತುಳು. ನಿಮಗಾಗಿ ಎಲ್ಲವನ್ನೂ ಕನ್ನಡಕ್ಕೆ ಇಳಿಸಿದ್ದೇನೆ. ಬೈಗುಳ ಇಳಿಸಿಲ್ಲ.)

ಕಫೀಲ್ ಪಾಸ್‌ಪೋರ್ಟ್ ತೆರೆದರು. ಫೋಟೊ ನೋಡಿದರು, ನನ್ನನ್ನು ನೋಡಿದರು. "ಇವಳು ಯಾರು?"

"ತಂಗಿ," ಎಂದ ಅಣ್ಣ.

"ಸ್ವಂತ ತಂಗಿ?"

"ಸ್ವಂತ."

"ಏನಕ್ಕೆ ಸಹಿ?"

ಅಣ್ಣ ಬಾಯಿ ತೆರೆಯುವ ಮೊದಲು ನಾನು ಹೇಳಿದೆ: ಅಮ್ಮ ಬಾಡಿಗೆಗಿರುವ ಸರಕಾರಿ ಮನೆ. ಈಗ ಕೊಂಡುಕೊಳ್ಳಲು ಬಿಟ್ಟಿದ್ದಾರೆ. ಅಮ್ಮನ ಹೆಸರಿಗೆ ಮಾಡಿಸಲು ಮಕ್ಕಳ ಒಪ್ಪಿಗೆ ಬೇಕು.

ಕಫೀಲ್ ಅಣ್ಣನ ಕಡೆ ತಿರುಗಿದರು. "ತಾಯಿ ಇದ್ದಾಳಾ?"

"ಇದ್ದಾರೆ."

"ಆ ಮನೆಯಲ್ಲೇ ಇದ್ದಾಳಾ?"

"ಹೌದು."

"ಮತ್ತೆ ನೀನು ಯಾಕೆ ಅಳುವ ಮುಖ ಮಾಡಿ ಕೂತಿದ್ದೀ?"

ಕಫೀಲ್ ಗಟ್ಟಿಯಾಗಿ ನಕ್ಕು, ಒಳಗೆ ಹೋಗಿ ಅಣ್ಣನ ಪಾಸ್‌ಪೋರ್ಟ್ ತಂದು ಅವನ ಮಡಿಲಿಗೆ ಹಾಕಿದರು. ನನ್ನದನ್ನು ಜೇಬಿಗೆ ಹಾಕಿಕೊಂಡರು. "ಯಲ್ಲಾ, ಹೊರಡು. ಭಾನುವಾರ ಅಂಗಡಿ ತೆರೆಯಬೇಕು."

(ಅವರಿಗೆ ಬುರೈಮಿಯಲ್ಲಿ ಮೂರು ಮನೆಗಳಿವೆಯಂತೆ. ಅವು ಯಾರ ಹೆಸರಿನಲ್ಲಿವೆ ಎಂದು ನಾನು ಕೇಳಲಿಲ್ಲ. ಎಲ್ಲರ ಮನೆ ರಿಪೇರಿ ನನ್ನ ಕೆಲಸವಲ್ಲ.)

ಆ ರಾತ್ರಿ ಪರಿಚಯದ ಒಂದು ಮಂಗಳೂರು ಕುಟುಂಬದವರಲ್ಲಿ ಉಳಿದೆ. ಶುಕ್ರವಾರ ಬೆಳಿಗ್ಗೆ ಅಣ್ಣ ತಂಗಿ ಒಂದೇ ಬಸ್ಸು ಹತ್ತಿದೆವು. ಚೆಕ್‌ಪೋಸ್ಟಿನಲ್ಲಿ ಪೊಲೀಸ್, ಪಾಸ್‌ಪೋರ್ಟ್ ಬದಲು ತೋರಿಸಿದ ನನ್ನ ಲೇಬರ್ ಕಾರ್ಡನ್ನು ಎರಡು ಸಲ ತಿರುಗಿಸಿ ನೋಡಿದ. ಅಣ್ಣ ಉಸಿರು ಹಿಡಿದು ಕೂತಿದ್ದ. ಬಸ್ಸು ಮುಂದೆ ಹೊರಟಾಗ ಮೊದಲ ಸಲ ಬಾಯಿ ಬಿಟ್ಟ.

"ನಾನು ವಾಪಸ್ ಬಾರದಿದ್ರೆ? ಅಲ್ ಐನ್‌ಗೆ ಹೋಗಿ ಕೂತಿದ್ರೆ? ನಿನ್ನ ಪಾಸ್‌ಪೋರ್ಟ್ ಗತಿ?"

"ನೀನು ಹೋಗುದಿಲ್ಲ ಅಂತ ಗೊತ್ತುಂಟು."

"ಅಷ್ಟು ನಂಬಿಕೆ ಇದ್ರೆ ಮನೆ ನನ್ನ ಹೆಸರಿಗೆ ಮಾಡ್ಲಿಕ್ಕೆ ಎಂತ ಕಷ್ಟ ನಿನಗೆ?"

ಒಳ್ಳೆಯ ಪ್ರಶ್ನೆ. ಬಸ್ಸು ಬೆಟ್ಟಗಳ ನಡುವೆ ಇಳಿಯುತ್ತಿತ್ತು.

"ನಿನ್ನನ್ನು ನಂಬ್ತೇನೆ. ಅಂಗಡಿಯನ್ನು ನಂಬುದಿಲ್ಲ," ಎಂದೆ.

ಅವನು ಕಿಟಕಿಯ ಕಡೆ ತಿರುಗಿದ. ನನಗೆ ಹೇಳಿದನೋ ಗಾಜಿಗೆ ಹೇಳಿದನೋ, ಹೇಳಿದ: "ನಾನೂ ಒಂದು ದಿನ ವಾಪಸ್ ಹೋಗ್ಬೇಕಲ್ಲ. ಅರ್ಬಾಬ್ ಖಲಾಸ್ ಅಂದ ದಿನ ನಾನು ಎಲ್ಲಿಗೆ ಹೋಗುದು?"

ಇಷ್ಟು ದಿನ ಅವನು ಅಂಗಡಿ, ಗೋಡೌನ್, ಮೇನ್ ರೋಡ್ ಎಂದದ್ದೆಲ್ಲ ಇದೊಂದೇ ಮಾತು ಎಂದು ಆಗ ತಿಳಿಯಿತು. ಅವನ ಮೇಲಿದ್ದ ಸಿಟ್ಟು ಇಳಿಯಿತು. ನಿರ್ಧಾರ ಇಳಿಯಲಿಲ್ಲ. ಎರಡೂ ಒಂದೇ ಎಂದು ತಿಳಿದಿದ್ದೆ, ಅಲ್ಲ.

"ಅಮ್ಮನ ಮನೆಗೆ," ಎಂದೆ.

ಅವನು ತಿರುಗಿ ನೋಡಿದ.

ನಮ್ಮದು ಅಳಿಯಸಂತಾನದ ಕಡೆ. ಅಜ್ಜಿಯ ಕಾಲದಲ್ಲಿ ಮನೆ ಹೆಣ್ಣಿನ ಕಡೆಯಿಂದ ಬರುತ್ತಿತ್ತು. ಗಂಡಸರು ಬೊಂಬಾಯಿಗೆ ಹೋದರು, ಆಫ್ರಿಕಕ್ಕೆ ಹೋದರು. ಗೆದ್ದೋ ಸೋತೋ ವಾಪಸ್ ಬಂದಾಗ ಚಪ್ಪಲಿ ಬಿಟ್ಟದ್ದು ತಾಯಿಯ ಮನೆಯ ಇಲ್ಲವೇ ಅಕ್ಕನ ಮನೆಯ ಮೆಟ್ಟಿಲಲ್ಲಿ. ಅದು ಅವರಿಗೆ ಅವಮಾನವಾಗಿರಲಿಲ್ಲ, ಹಕ್ಕಾಗಿತ್ತು. (ಅದೇನೂ ಸ್ವರ್ಗವಾಗಿರಲಿಲ್ಲ. ಹೆಸರು ಹೆಣ್ಣಿನದ್ದು, ಯಜಮಾನಿಕೆ ಸೋದರಮಾವನದ್ದು ಎಂಬ ಮನೆಗಳೂ ಬೇಕಾದಷ್ಟಿದ್ದವು.) ಕಾನೂನು ಬದಲಾಯಿತು, ಒಳ್ಳೆಯದೇ. ಆದರೆ ನಾವು ಎಷ್ಟು ಬೇಗ ಮರೆತೆವು! ಎರಡು ತಲೆಮಾರಿನ ಹಿಂದೆ ಹೆಣ್ಣಿನ ಹೆಸರಿಲ್ಲದೆ ಮನೆಯೇ ಇಲ್ಲದಿದ್ದ ಜನ, ಇವತ್ತು ರೂವಿಯಲ್ಲಿ ಪಾಯಸ ಕುಡಿಯುತ್ತ ಹೆಂಗಸಿಗೆ ಮನೆ ಎಂತಕ್ಕೆ ಎನ್ನುತ್ತೇವೆ.

ಇದನ್ನೆಲ್ಲ ಅಣ್ಣನಿಗೆ ಹೇಳಲಿಲ್ಲ. ಬಸ್ಸಿನಲ್ಲಿ ಭಾಷಣ ಮಾಡುವುದು ನನಗೆ ಆಗದು. ಚಪಾತಿಯ ಪೊಟ್ಟಣ ಅವನ ಕೈಗೆ ಕೊಟ್ಟೆ. ಹಿಂದಿನ ದಿನದ್ದು, ಸ್ವಲ್ಪ ಗಟ್ಟಿಯಾಗಿತ್ತು. ತಿಂದ.

ಶನಿವಾರ ರಾಯಭಾರ ಕಚೇರಿಯಲ್ಲಿ ಸಾಲು ನಿಂತೆವು. ನಮ್ಮ ಸರದಿ ಬಂದಾಗ ಅಧಿಕಾರಿ ಕಾಗದ ಓದಿ, ಕನ್ನಡಕದ ಮೇಲಿನಿಂದ ಅಣ್ಣನನ್ನು ನೋಡಿ ಇಂಗ್ಲಿಷಿನಲ್ಲಿ ಕೇಳಿದರು: ನೀವು ನಿಮ್ಮ ಹಕ್ಕನ್ನು ತಾಯಿಗೆ ಬಿಟ್ಟುಕೊಡುತ್ತಿದ್ದೀರಿ, ಸ್ವಂತ ಇಚ್ಛೆಯಿಂದಲೇ? ಯಾರ ಒತ್ತಾಯವೂ ಇಲ್ಲವೇ?

ಅಣ್ಣ ನನ್ನ ಕಡೆ ನೋಡಿದ. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಅವನು 'ಇದೆ' ಎಂದರೆ ಅಲ್ಲಿಗೆ ಮುಗಿಯಿತು. ಹಾಗೆನ್ನಲು ಅವನಿಗೆ ಎಲ್ಲ ಕಾರಣವೂ ಇತ್ತು. ತಂಗಿಯೊಬ್ಬಳು ಇನ್ನೂರು ಮುನ್ನೂರು ಮೈಲಿ ಎಳೆದುಕೊಂಡು ಬಂದದ್ದು ಒತ್ತಾಯವಲ್ಲದೆ ಇನ್ನೇನು?

"ಒತ್ತಾಯ ಬೇಕಾದಷ್ಟು ಇತ್ತು ಸರ್," ಎಂದ ಅಣ್ಣ. "ಅದು ನಿನ್ನೆಯವರೆಗೆ. ಇವತ್ತು ನಾನೇ ಹಾಕುದು."

ಇಂಗ್ಲಿಷಿನಲ್ಲಿ ಶುರು ಮಾಡಿ ಕನ್ನಡದಲ್ಲಿ ಮುಗಿಸಿದ. ಅಧಿಕಾರಿಗೆ ಪೂರ್ತಿ ಅರ್ಥವಾಯಿತೋ ಇಲ್ಲವೋ, ಪೆನ್ನು ಕೊಟ್ಟರು. ಸಹಿ ಆಯಿತು. ಮುದ್ರೆ ಬಿತ್ತು. ಆ ರಾತ್ರಿಯೇ ಬೊಂಬಾಯಿ ವಿಮಾನ ಹತ್ತುವ ಪಕ್ಕದ ಬಿಲ್ಡಿಂಗಿನವರ ಕೈಯಲ್ಲಿ ಕಾಗದ ಊರಿಗೆ ಹೊರಟಿತು. ಅಣ್ಣ ಸಂಜೆಯ ಬಸ್ಸಿಗೆ ಹೊರಟ. ಹೊರಡುವಾಗ "ಅಡಿಗೆ ಕೋಣೆಯ ಹೊಗೆಗೆ ಒಂದು ಫ್ಯಾನ್ ಹಾಕಿಸ್ಬೇಕು ಆ ಮನೆಗೆ" ಎಂದ. ಅಷ್ಟೇ.

ನನ್ನ ಪಾಸ್‌ಪೋರ್ಟ್ ಮಂಗಳವಾರ ಬಂತು, ಬುರೈಮಿಯಿಂದ ಬಂದ ಡ್ರೈವರ್ ಒಬ್ಬನ ಕೈಯಲ್ಲಿ. ಅಲ್ಲಿಯವರೆಗೆ ಆಫೀಸಿನಲ್ಲಿ ಕೇಳಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಕೇಳಬೇಕಾದವೇ. ಚಿಕ್ಕಪ್ಪ ಬುಧವಾರ ಮಾತಾಡಿದರು. "ಉಪ್ಪು ಕಡಿಮೆ ಆಗಿದೆ," ಎಂದರು. ಸಾರಿನ ಬಗ್ಗೆ, ಆದರೂ ಮಾತು ಮಾತೇ.

ಸಹಿಯಾದ ದಿನವೇ ಅಮ್ಮನಿಗೆ ಫೋನ್ ಮಾಡಿದ್ದೆ. ಪಕ್ಕದ ಮನೆಗೆ.

"ಅವನು ಬೇಸರ ಮಾಡಿದನಾ?" ಇದು ಮೊದಲ ಪ್ರಶ್ನೆ.

"ಮಾಡಿದ. ಸರಿಯಾಯ್ತು."

"ಊಟ ಮಾಡಿದನಾ?" ಇದು ಎರಡನೆಯದು.

"ಅಮ್ಮ, ಇನ್ನು ಬೋರ್ಡಿನವರು ಬಂದು ಮನೆ ಯಾರದ್ದು ಅಂತ ಕೇಳ್ತಾರೆ. ನನ್ನದು ಅಂತ ಹೇಳ್ಬೇಕು. ಅಪ್ಪನದ್ದು, ಮಗನದ್ದು ಅಂತೆಲ್ಲ ಹೇಳ್ಬಾರ್ದು. ಒಂದು ಸಲ ಹೇಳು ನೋಡುವ."

ಆ ಕಡೆಯಿಂದ ಪಿಸುಮಾತು: "ಈಗ ಬೇಡ. ಇವರೆಲ್ಲ ಕೇಳ್ತಾ ಇದ್ದಾರೆ. ಎಂತ ತಿಳ್ಕೊ‍ಳ್ತಾರೋ!"

ತನ್ನದನ್ನು ತನ್ನದು ಎನ್ನಲು ನಾಚಿಕೆ! ಇಷ್ಟು ವರ್ಷ ಆ ಮನೆಯ ಕಸ ಗುಡಿಸಿ, ಸುಣ್ಣ ಬಳಿದು, ಬಾಡಿಗೆಯ ಸಾಲಿನಲ್ಲಿ ನಿಂತವಳಿಗೆ. ಕಾಗದ ಮಾಡಿಸುವುದು ಸುಲಭ ಎಂದು ಆಗ ಅನಿಸಿತು. ಅದಕ್ಕೆ ಬಸ್ಸು ಸಿಗುತ್ತದೆ.

ಇದನ್ನು ಓದುತ್ತಿರುವ ಗಲ್ಫ್‌ನ ಅಣ್ಣಂದಿರೇ, ಊರಿನ ಮನೆ ನಿಮ್ಮ ಹೆಸರಿನಲ್ಲಿದೆ, ಸಂತೋಷ; ಬೆಳಿಗ್ಗೆ ಎದ್ದು ಅದರ ಬಾಗಿಲು ತೆರೆಯುವವರ ಹೆಸರೇನು?